ನಡುಮನೆಯ ದೋಣಿ

ದೋಣಿ ನಡೆಸುವವನು ತಾನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾನೆಂಬ ಸಂಗತಿ ನಿಮಗೆ ಮೊದಲೇ ಗೊತ್ತಿತ್ತೇ? ನನಗೆ ಗೊತ್ತಾದದ್ದು ತಲೆ ನರೆತ ಮೇಲೆ, ಅದೂ ಗುಂಡ್ಲುಪೇಟೆಯ ನಮ್ಮ ನಡುಮನೆಯಲ್ಲಿ, ಹನಿ ನೀರಿಲ್ಲದ ಕೆಂಪು ನೆಲದ ಮೇಲೆ ಹುಟ್ಟು ಹಾಕಲು ಕೂತಾಗ.

ಉಬ್ಬಸ ನನ್ನ ಬಾಲ್ಯಸ್ನೇಹಿತ. ಚೆಂಡುಹೂವಿನ ಹೊಲಗಳು ಅರಳಿದರೆ ಊರಿಗೆಲ್ಲ ಹರ್ಷ, ನನ್ನ ಶ್ವಾಸನಾಳಕ್ಕೆ ಮಾತ್ರ ಸೂತಕ. ಅದನ್ನು ಹೇಗೋ ಸಹಿಸಿಕೊಂಡಿದ್ದೆ. ಆದರೆ ಈಚೆಗೆ ಕಥೆ ಹೇಳುತ್ತ ಸ್ವಾರಸ್ಯದ ಘಟ್ಟಕ್ಕೆ ಬರುವಷ್ಟರಲ್ಲಿ ಉಸಿರು ಮುಗಿದು, ಉಳಿದದ್ದನ್ನು ಹೆಂಡತಿ ಪೂರೈಸಿ, ಕೇಳುಗರ ನಗುವೆಲ್ಲ ಅವಳ ಪಾಲಾಗತೊಡಗಿದಾಗ ಚಾಮರಾಜನಗರದ ಡಾಕ್ಟರರ ಬಳಿಗೆ ಓಡಿದೆ. ಓಡಿದೆ ಎನ್ನುವುದು ಅಲಂಕಾರ; ಬಸ್ಸಿನಲ್ಲಿ ಹೋದೆ. ಔಷಧಿ ಬಿಡದೆ, ಇನ್‌ಹೇಲರ್ ಪಕ್ಕದಲ್ಲಿಟ್ಟುಕೊಂಡು, ಧೂಳಿಲ್ಲದ ಕಡೆ ನಿಧಾನವಾಗಿ ಹುಟ್ಟು ಹಾಕುವ ಯಂತ್ರ ನಿಮಗೆ ಒಗ್ಗಬಹುದು ಎಂದರು ಅವರು. ಆ ‘ಬಹುದು’ ಎಂಬುದೇ ನನ್ನ ಗೊಂದಲದ ಉಗಮಸ್ಥಾನ.

ಯಂತ್ರ ಬಂತು. ಅದನ್ನು ನೋಡಲೆಂದೇ ಉಮ್ಮತ್ತೂರಿನಿಂದ ಸೋದರತ್ತೆಯೂ ಬಂದಳು. ಚಿಕ್ಕಂದಿನಲ್ಲಿ ನಾನು ಉಸಿರಿಗೆ ಒದ್ದಾಡುವಾಗ ಬೆನ್ನು ನೀವುತ್ತ ಕಥೆ ಹೇಳಿ ನನಗೆ ಮಾತು ಕಲಿಸಿದವಳು ಅವಳೇ.

“ಏನ್ಲಾ ಇದು! ಕೆರೇಲಿ ನೀರಿಲ್ಲ, ನಡುಮನೇಲಿ ದೋಣಿ ತಂದ್ಬುಟ್ಟಿದ್ದಿಯಲ್ಲಾ! ಕಬ್ಬಿಣದ ಸಾಮಾನು, ಪೂಜೆ ಇಲ್ದೆ ಮುಟ್ಬ್ಯಾಡ ಕಣ್ಲಾ.”

ಹೊಸ ಟ್ರ್ಯಾಕ್ಟರಿಗೆ ಸಲ್ಲುವ ಮರ್ಯಾದೆಯೆಲ್ಲ ಅದಕ್ಕೆ ಸಂದಿತು: ಹಿಡಿಗೆ ಮೂರೆಳೆ ವಿಭೂತಿ, ಕಂಬಿಗೆ ಕುಂಕುಮ, ಜಾರುವ ಪೀಠದ ಮುಂದೆ ನಿಂಬೆಹಣ್ಣು, ಮನೆ ತುಂಬ ಸಾಂಬ್ರಾಣಿ ಧೂಪ. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ನಾಲ್ಕು ಸಲ ಎಳೆಯುವುದರೊಳಗೆ ನಾನೂ ಆದೆ. ಎದೆ ಬಿಗಿದು, ಇನ್‌ಹೇಲರ್ ಎಳೆದುಕೊಂಡು, ಜಗಲಿಯಲ್ಲಿ ಕೂತು ಚೇತರಿಸಿಕೊಂಡೆ.

“ಈ ಮಿಷನ್ನು ಇವನ್ಗೆ ಆಗ್ಬರಲ್ಲ ಕಣಮ್ಮಿ, ವಾಪಸ್ ಕಳ್ಸ್ಬುಡು” ಎಂದು ಅತ್ತೆ ನನ್ನ ಹೆಂಡತಿಗೆ ತೀರ್ಪು ಕೊಟ್ಟಳು. ಅದನ್ನು ಸಾಗಿಸಲು ಸಂಜೆಗೇ ಆಟೋ ಗೊತ್ತಾಯಿತು.

ಕಾರಣ ಯಂತ್ರವೋ, ಧೂಪವೋ, ನನ್ನ ಭಯವೋ? ಫೋನಿನಲ್ಲಿ ಡಾಕ್ಟರು ಕೇಳಿದ್ದು ಒಂದೇ ಮಾತು: “ಹೊಗೆ ಏನಾದ್ರೂ ಇತ್ತಾ?” ಅತ್ತೆ ಎದುರಿಗೇ ಕೂತಿದ್ದಳು. ಇತ್ತು ಎಂದರೆ ನನ್ನ ಬೆನ್ನು ನೀವಿದ ಕೈಯ ಮೇಲೆಯೇ ಆರೋಪ. ಇಲ್ಲವೆಂದರೆ ದೋಣಿಯೂ ಹೋಯಿತು, ಕಥೆಗಳೂ ಹೋದವು. ಹೂಂ ಎಂದೆನೋ ಊಹೂಂ ಎಂದೆನೋ ನನಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಎದ್ದು ಒಳಗೆ ಹೋದಳು.

ಸಂಜೆ ಬಂದ ಆಟೋವನ್ನು ಅವಳೇ ಬರಿದಾಗಿ ಹಿಂದಕ್ಕೆ ಕಳಿಸಿದಳು. ಕೆಲವು ದಿನ ಸುಧಾರಿಸಿಕೊಂಡು, ಡಾಕ್ಟರರ ಒಪ್ಪಿಗೆ ಪಡೆದು ಮತ್ತೆ ಕೂತೆ. ಕಾಲಿನಿಂದ ಒತ್ತಿ ಎಳೆಯುವಾಗ ಉಸಿರು ಬಿಡಬೇಕು, ಮುಂದಕ್ಕೆ ಜಾರುವಾಗ ಒಳಗೆಳೆದುಕೊಳ್ಳಬೇಕು. ನಾನು ಎರಡನ್ನೂ ಅದಲುಬದಲು ಮಾಡುತ್ತಿದ್ದೆ. ಅತ್ತೆ ಧೂಪದ ಬಟ್ಟಲನ್ನು ಹಿತ್ತಲಿಗೆ ಒಯ್ದಿಟ್ಟು, ಕಿಟಕಿಗಳನ್ನೆಲ್ಲ ತೆರೆದು ಬಂದು ಪಕ್ಕದಲ್ಲಿ ಕೂತಳು.

“ಪೂಜೆ, ಅತ್ತೆ?” ಎಂದೆ ಅಳುಕಿನಿಂದ.

“ಹೂವ ಮುಡ್ಸಿವ್ನಿ, ಸಾಕು ಬುಡ್ಲಾ. ಇಷ್ಟು ವರ್ಷ ಹೊಗೆ ಕುಡ್ದು ಕುಡ್ದು ಆ ಶಿವಂಗೂ ಉಬ್ಸ ಬಂದಿರ್ಬೌದು, ಪಾಪ. ಯಾರ್‌ತಾವ ಯೋಳ್ಕತಾನೆ ಅವ್ನು?”

ಉಸಿರು ಬಿಡುವ ಸರದಿಯೋ ಎಳೆಯುವ ಸರದಿಯೋ ಮರೆತೇಹೋಗಿ ನಗತೊಡಗಿದೆ. ಎಂದಿನಂತೆ ನಗು ಕೆಮ್ಮಾಗುವುದೆಂದು ಹೆಂಡತಿ ಓಡಿ ಬಂದಳು. ಆಗಲಿಲ್ಲ. ಎಷ್ಟೋ ದಿನಗಳ ಮೇಲೆ ಒಂದು ನಗುವನ್ನು ನಾನೊಬ್ಬನೇ ಕೊನೆಯವರೆಗೆ ನಕ್ಕು ಮುಗಿಸಿದೆ.