ಕಾಯುವ ಮೇಷ್ಟ್ರು
ನಮ್ಮ ಬೀದಿಯ ಇಂಗ್ಲಿಷ್ ಮೇಷ್ಟ್ರಿಗೆ ಪ್ರಾಸವಿಲ್ಲದ ಪದವೆಂದರೆ ಒಂಟಿ ಚಪ್ಪಲಿ ಇದ್ದಂತೆ. ‘ಕ್ಯಾಟ್ ಅಂದ್ರೆ ಬೆಕ್ಕು, ರ‍್ಯಾಟ್ ಅಂದ್ರೆ?’ ಎಂದು ಕೇಳಿದರೆ, ಉತ್ತರ ಬರುವವರೆಗೂ ನಗುತ್ತಾ ಕಾಯುತ್ತಾರೆ, ತಾವಾಗಿ ಹೇಳಿಕೊಡುವುದಿಲ್ಲ. ಒಮ್ಮೆ ಅವರು ಕಾದ ಪರಿಗೆ ಗೋಡೆಯ ಮೇಲಿನ ಹಲ್ಲಿಯೇ ಬೇಸತ್ತು ‘ಇಲಿ’ ಎಂದುಬಿಟ್ಟಿತು! ‘ಅಯ್ಯೋ ಮೇಷ್ಟ್ರೇ, ಬದನೆಕಾಯಿ ಬೇಕೋ ಬೇಡ್ವೋ ಹೇಳಿ’ ಎಂದು ಅವರ ಪ್ರಶ್ನೆಗೆ ಸಿಕ್ಕಿಬಿದ್ದ ತರಕಾರಿಯವಳೂ ಕೈಮುಗಿಯುತ್ತಾಳೆ. ಹೋದ ವರ್ಷ ಪಾರ್ಶ್ವವಾಯು ಬಡಿದು ಅವರ ಹೆಂಡತಿಯ ಮಾತು ನಿಂತುಹೋಯಿತು. ಮೇಷ್ಟ್ರು ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ‘ಲೈಟ್ ಅಂದ್ರೆ ಬೆಳಕು ಕಣೇ, ನೈಟ್ ಅಂದ್ರೆ?’ ಎಂದು ಕೇಳಿ, ಅದೇ ನಗುಮುಖದಲ್ಲಿ ತಿಂಗಳುಗಟ್ಟಲೆ ಕಾದರು. ನಿನ್ನೆ ನಾನು ಹೋದಾಗ ಆಕೆ ತುಟಿ ತೆರೆದು, ತಡವರಿಸುತ್ತಾ, ‘ರಾತ್ರಿ... ಸಾಕು ಬಿಡ್ರೀ’ ಎಂದರು. ಆ ಗದರಿಕೆಗೆ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಲೇ ನೂರಕ್ಕೆ ನೂರು ಅಂಕ ಕೊಟ್ಟರು.