ಡಬ್ಲಿನ್ ಬಸ್ಸಿನಲ್ಲೊಂದು ಡ್ಯೂಟಿ

ಮೊದಲ ಸಲ ಡಬ್ಲಿನ್‌ಗೆ ಬಂದವರು ಏನೇನು ನೋಡಬೇಕೆಂದು ಅಲ್ಲೇ ಹತ್ತಿರದ ನೇಸ್ ಎಂಬ ಊರಿನಲ್ಲಿ ಡಾಕ್ಟರಾಗಿರುವ ನಮ್ಮ ಮಗಳು ಚೀಟಿ ಬರೆದುಕೊಟ್ಟಿದ್ದಳು: ಕೋಟೆ, ಹಳೇ ಕಾಲೇಜಿನ ಲೈಬ್ರರಿ, ನದಿಯ ಮೇಲಿನ ಪುಟ್ಟ ಸೇತುವೆ. ನಮ್ಮ ಯಜಮಾನರು ಮಾತ್ರ ಮೊದಲು ಹತ್ತಿದ ಬಸ್ಸಿನಲ್ಲೇ ಬೀಡುಬಿಟ್ಟರು.

ಇಲ್ಲಿ ಬಸ್ಸಿಗೆ ಕಂಡಕ್ಟರಿಲ್ಲ. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಯೂ ಹೇಳಿಯೇ ಇಳಿಯುತ್ತಾರೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಕಾಲೇಜು ಹುಡುಗಿಯೂ ಹೇಳಿದಳು, ಊರುಗೋಲಿನ ಅಜ್ಜಿಯೂ ಹೇಳಿದರು.

“ಮೂವತ್ತು ವರ್ಷ ಮೈಸೂರಲ್ಲಿ ಕಂಡಕ್ಟರ್ ಆಗಿದ್ದೆ ಕಣೇ. ಒಬ್ಬ ನನ್ಮಗ ಥ್ಯಾಂಕ್ಸ್ ಅಂದಿದ್ನಾ?” ಎನ್ನುತ್ತಾ ಇವರು ಎದ್ದು ಹೋಗಿ ಮುಂಬಾಗಿಲ ಪಕ್ಕದ ಕಂಬ ಹಿಡಿದು ನಿಂತರು. ಅಲ್ಲಿಂದ ಡ್ರೈವರಿಗೆ ಬಂದ ಥ್ಯಾಂಕ್ಯೂಗಳನ್ನೆಲ್ಲ ಇವರೇ ಸ್ವೀಕರಿಸತೊಡಗಿದರು.

“ವೆಲ್ಕಂ, ವೆಲ್ಕಂ. ಮೆಟ್ಲು ನೋಡ್ಕೊಂಡು ಇಳೀರಿ.”

“ರೀ, ಕೋಟೆ ಬಂತು, ಇಳೀರಿ,” ಎಂದೆ.

“ಇರೇ, ಡ್ಯೂಟಿ ಮಧ್ಯದಲ್ಲಿ ಹೆಂಗೆ ಇಳಿಯೋದು?”

ಲೈಬ್ರರಿ ಹೋಯಿತು, ಸೇತುವೆಯೂ ಹೋಯಿತು. ಈ ಮನುಷ್ಯ ಯಾರೋ ಏನೋ ಎಂಬಂತೆ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಕೊನೆಯ ಸ್ಟಾಪಿನಲ್ಲಿ ಉಳಿದವರು ನಾವಿಬ್ಬರೇ. ಗಾಜಿನ ಹಿಂದಿದ್ದ ಡ್ರೈವರಮ್ಮ ಇವರತ್ತ ಬಗ್ಗಿ, “ಥ್ಯಾಂಕ್ಯೂ, ಯು ವರ್ ಗ್ರ್ಯಾಂಡ್” ಎಂದಳು. ಇವರು ಕೆಳಗಿಳಿದರು. ನಾನೂ ಇಳಿದೆನೇ ಎಂದು ಒಮ್ಮೆ ತಿರುಗಿ ನೋಡಿ, ಬಸ್ಸಿನ ಮೈಗೆ ಎರಡೇಟು ಬಡಿದು, “ರೈಟ್!” ಎಂದರು.

ಬಸ್ಸು ಹೊರಟಿತು.