ಸಿದ್ದರಾಮುವಿನ ಬಿಳಿ ಸೀಸೆ

ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೋಳಿ ಮೇವಿಗೆ ಒಣಮೀನಿನ ಪುಡಿ ಬೆರೆಸುವವನಿಗೆ ಸೆಂಟು ಯಾಕೆ ಎಂದು ಸಿದ್ದರಾಮುವನ್ನು ಕೇಳದವರಿರಲಿಲ್ಲ. ಪಾಳಿ ಮುಗಿದೊಡನೆ ಅವನು ಕಾರ್ಖಾನೆಯ ನಲ್ಲಿಗೆ ತಲೆಯೊಡ್ಡಿ, ಸೋಪು ಸವೆಯುವಂತೆ ಮೈ ಉಜ್ಜಿ, ಇಸ್ತ್ರಿ ಅಂಗಿ ತೊಟ್ಟು, ಬಿಳಿ ಸೀಸೆಯಿಂದ ಅಂಗೈಗೆ ಸುರಿದುಕೊಂಡು ಕತ್ತಿಗೆ ಬಡಿದುಕೊಳ್ಳುತ್ತಿದ್ದ. ಅಪ್ಪಂದಿರ ಕಾಲದಿಂದ ನಡೆದು ಬಂದ ಗಂಡಸರ ಸೆಂಟು ಅದು. ಮದುವೆಯಾದ ವರ್ಷ ಹೆಂಡತಿ ಭಾಗ್ಯಲಕ್ಷ್ಮಿ ಮದ್ದೂರಿನ ಫ್ಯಾನ್ಸಿ ಸ್ಟೋರಿನಿಂದ ತಂದುಕೊಟ್ಟಿದ್ದಳು. ಆಮೇಲೆ ಮುಗಿದಾಗಲೆಲ್ಲ ಅವಳೇ ತರುತ್ತಿದ್ದಳು.

"ಬಸ್ಸಲ್ಲಿ ಪಕ್ಕದ್ ಸೀಟ್ನೋರು ಎದ್ದೋಗ್ಬಾರ್ದು ಕಣ್ಲಾ, ಅಷ್ಟೇಯ" ಎನ್ನುತ್ತಿದ್ದ, ಜೊತೆಯಲ್ಲೇ ದುಡಿದು ಜೊತೆಯಲ್ಲೇ ಮಂಡ್ಯಕ್ಕೆ ಮರಳುತ್ತಿದ್ದ ಗೆಳೆಯ ಚಿಕ್ಕಮಾದುವಿಗೆ.

ಚಿಕ್ಕಮಾದು ಒಮ್ಮೆ ಹಚ್ಚಿಕೊಂಡು ನೋಡಿದ. ಮೈಮೇಲೆ ಕಷಾಯ ಚೆಲ್ಲಿಕೊಂಡಂತಿತ್ತು. ಸಿದ್ದರಾಮು ಹಲ್ಲು ಕಿರಿದ. "ನಿನ್ ಚರ್ಮುಕ್ಕೆ ಅಷ್ಟೇ ಯೋಗ್ಯತೆ, ಬುಡ್ಲಾ." ಚಿಕ್ಕಮಾದು ಮತ್ತೆ ಅದನ್ನು ಮುಟ್ಟಲಿಲ್ಲ.

ಆಮೇಲೆ ಸಿದ್ದರಾಮುವಿಗೆ ಕೆಮ್ಮು ಹಿಡಿಯಿತು. ಬೆರೆಸುವ ಶೆಡ್ಡಿನಲ್ಲಿ ಮೀನಿನ ಪುಡಿ ಹೊಗೆಯಂತೆ ಏಳುತ್ತದೆ. ಮೂಗಿಗೆ ಕಟ್ಟಿಕೊಳ್ಳಲು ಕಾರ್ಖಾನೆ ಏನನ್ನೂ ಕೊಟ್ಟಿರಲಿಲ್ಲ. ಅವನು ಮಾಸ್ಕು ಕೇಳಿದಾಗಲೆಲ್ಲ ಸೂಪರ್‌ವೈಸರ್ ರಘುನಂದನ್, "ಮೊದ್ಲು ಆ ಸೆಂಟು ಬಿಡಯ್ಯ, ಎದೆ ತಾನಾಗೇ ಸರಿಹೋಗುತ್ತೆ" ಎನ್ನುತ್ತಿದ್ದ. ಐವತ್ತು ತುಂಬುವ ಮೊದಲೇ ಸಿದ್ದರಾಮು ಉಸಿರಿಗಾಗಿ ಒದ್ದಾಡಿ ಸತ್ತ.

ತಿಥಿಯ ದಿನ ಮಂಡ್ಯದ ಗುತ್ತಲಿನ ಅವನ ಮನೆಯಲ್ಲಿ ಎಡೆ ಇಟ್ಟರು. ಸತ್ತವನಿಗೆ ಇಷ್ಟವಾದದ್ದೆಲ್ಲ ಇರಬೇಕಲ್ಲ: ಮುದ್ದೆ, ಬಾಡಿನ ಸಾರು, ಬ್ರಾಂದಿ. ಅವನ ಚಿಕ್ಕಪ್ಪ ಮಹದೇವಯ್ಯ ಬಿಳಿ ಸೀಸೆಯನ್ನೂ ತಂದಿಟ್ಟ. ಎಡೆಗಿಟ್ಟದ್ದನ್ನು ಬಂದವರು ಹಂಚಿಕೊಳ್ಳುವುದು ಪದ್ಧತಿ. ಪೂಜೆ ಮುಗಿದ ಮೇಲೆ ಬ್ರಾಂದಿಯ ಹಿಂದೆಯೇ ಸೆಂಟೂ ಕೈಯಿಂದ ಕೈಗೆ ಹೊರಟಿತು.

"ಥೂ, ಕಟಿಂಗ್ ಸಾಪ್ ವಾಸ್ನೆ!" ಎಂದ ಭಾಗ್ಯಲಕ್ಷ್ಮಿಯ ತಮ್ಮ ಸಂತೋಷ್, ಮಳವಳ್ಳಿಯಿಂದ ಬಂದವನು.

"ಲವಂಗ ಕಣ್ಲಾ. ಬಾಡ್ಗೆ ಮಸಾಲೆ ಉರ್ದಂಗದೆ" ಎಂದ ಮಹದೇವಯ್ಯ.

"ನಿನ್ ಮೂಗ್ಗೆ ಬಾಡ್ ಬುಟ್ರೆ ಇನ್ನೇನ್ಲಾ ಗೊತ್ತು?" ಅವನ ಅಕ್ಕ ಚಿಕ್ಕನಂಜಮ್ಮ ತಾನೂ ಮೊಣಕೈಗೆ ಸವರಿಕೊಂಡಳು. "ಮಗೀಗ್ ಆಕೋ ಪೌಡ್ರಂಗದೆ ಕನ."

ಚಿಕ್ಕಮಾದುವಿಗೆ ಮೈ ಉರಿಯಿತು. ಬದುಕಿದ್ದಾಗ ಅವನನ್ನು 'ಸೆಂಟು ಸಿದ್ದ' ಎಂದು ಆಡಿಕೊಂಡವರೇ ಇವರು. ಆದರೂ ಹಲ್ಲು ಕಚ್ಚಿಕೊಂಡು ಕೂತ. ಅಷ್ಟರಲ್ಲಿ ರಘುನಂದನ್ ಬಂದ. ಹಣ್ಣಿನ ಚೀಲ ಕೆಳಗಿಟ್ಟು, ಫೋಟೋಗೆ ಕೈಮುಗಿದು, ಭಾಗ್ಯಲಕ್ಷ್ಮಿಯ ಕಡೆ ತಿರುಗಿದ.

"ಎಷ್ಟು ಸಲ ಹೇಳಿದೆ ಕಣಮ್ಮ. ಆ ಸೆಂಟೇ ಅವನ ಎದೆ ತಿಂದಿದ್ದು."

ಸತ್ತವನು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ, ಆ ಧೈರ್ಯ.

ಭಾಗ್ಯಲಕ್ಷ್ಮಿಯ ಮುಖ ಕಪ್ಪಿಟ್ಟಿತು. "ನಾನೇ ತಂದ್ಕೊಡ್ತಿದ್ದೆ ಸಾ" ಎಂದಳು, ಯಾರನ್ನೂ ನೋಡದೆ.

ಚಿಕ್ಕಮಾದು ಎದ್ದು ನಿಂತ.

"ಸಾ, ಸೆಡ್ನಲ್ಲಿ ಅವ್ನ ಜಾಗ್ದಲ್ಲಿ ಈಗ ಯಾರ್ ನಿಂತಿರೋದು? ನಾನು. ನಾನು ಸೆಂಟ್ ಮುಟ್ಟೋನಲ್ಲ. ನಂಗ್ಯಾಕ್ ಸಾ ಕೆಮ್ಮು? ಇವ್ರೆಲ್ಲ ಮೈಗೆ ಬಳ್ಕಂಡವ್ರೆ. ಒಬ್ರುಗ್ ಮಸಾಲೆ, ಒಬ್ರುಗ್ ಪೌಡ್ರು. ಯಾರಾರ ಒಬ್ರು ಕೆಮ್ಮುದ್ರಾ?"

"ತಿಥಿ ಮನೇಲಿ ಇದೆಲ್ಲ ಯಾಕಯ್ಯ?"

"ಅದೇ ತಿಥಿ ಮನೇಲಿ ಅವ್ನ್ ಎಂಡ್ರು ಮುಂದೆ ಸುಳ್ಳೇಳಕ್ಕೆ ನಿಮ್ಗೆ ನಾಲ್ಗೆ ಬಂತಲ್ಲ!"

ಮಹದೇವಯ್ಯ ಅವನ ತೋಳು ಜಗ್ಗಿದ. "ಬುಡ್ಲಾ, ಕೆಲ್ಸ ಕಳ್ಕಂಡೀಯೆ."

"ಓಗ್ಲಿ ಬುಡು ಚಿಕ್ಕಪ್ಪ. ಸಿದ್ದರಾಮುನ್ ಜೀವ್ವೇ ಓಯ್ತಲ್ಲ, ಅದ್ಕಿಂತ ಕೆಲ್ಸ ದೊಡ್ದಾ?"

ರಘುನಂದನ್ ಶೂ ಮೆಟ್ಟಿಕೊಂಡ. "ನಾಳೆ ಡ್ಯೂಟಿಗೆ ಬಾ, ಮಾತಾಡೋಣ" ಎಂದು ಹೊರಟುಹೋದ.

ಭಾಗ್ಯಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಮಾದಣ್ಣ, ಆ ಪುಡಿ ಅಷ್ಟೊಂದ್ ಏಳ್ತದಾ?"

"ಎದುರ್ಗಿರೋರ್ ಮೊಕ ಕಾಣಕಿಲ್ಲ ಕಣವ್ವ."

"ನನ್ತಾವ್ ಒಂದಿನಾನೂ ಅಂದಿಲ್ವಲ್ಲ ಅವ್ರು." ಅವಳ ದನಿಯಲ್ಲಿ ಈಗ ಅಳುವಿರಲಿಲ್ಲ. "ನಾಳೆ ನಾನೂ ಬತ್ತೀನಿ. ಗೇಟಲ್ಲಿ ಬುಡ್ದಿದ್ರೆ ಅಲ್ಲೇ ಕೂತ್ಕತೀನಿ. ಆ ಸೆಡ್ಡ ನಂಗೆ ತೋರ್ಸ್ಲಿ, ಆಮೇಲ್ ಯೋಳ್ಲಿ ನಾನ್ ಕೊಂದೆ ಅಂತ."

ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.